ಮನೆಯಲ್ಲಿ ಕನ್ನಡ, ವೇದಿಕೆಯಲ್ಲಿ ಪೌಂಡು ಚಿಹ್ನೆ

ಧಾರವಾಡದ ಒಂದು ಸಭಾಂಗಣದಲ್ಲಿ ಪ್ರೊಜೆಕ್ಟರ್ ನೋಡಿಕೊಳ್ಳುವ ಹುಡುಗನಿದ್ದಾನೆ. ಭಾಷಣಕಾರರು ಪೆನ್‌ಡ್ರೈವ್ ಕೈಗಿಟ್ಟರೆ ಆತ ಮೊದಲು ಪವರ್‌ಪಾಯಿಂಟ್ ತೆರೆಯುವುದಿಲ್ಲ. ಫೈಲಿನ ಒಂದು ಪ್ರತಿ ಮಾಡಿ, ಹೆಸರಿನ ಬಾಲದಲ್ಲಿರುವ ‘ಪಿಪಿಟಿಎಕ್ಸ್’ ಅಳಿಸಿ ‘ಜಿಪ್’ ಎಂದು ಬರೆಯುತ್ತಾನೆ. ಆಮೇಲೆ ಅದನ್ನು ಬಿಚ್ಚುತ್ತಾನೆ. “ಹೊಟ್ಟಿ ಬಿಚ್ಚಿ ನೋಡೂತನಕ ನಂಬಂಗಿಲ್ರಿ ಸರ” ಎಂದ.

2007ರ ಆಫೀಸ್‌ನಿಂದ ಈಚೆಗೆ ಪವರ್‌ಪಾಯಿಂಟ್ ಫೈಲ್ ಎಂದರೆ ಒಂದು ಜಿಪ್ ಕಟ್ಟು ಎಂದು ಓದಿದ್ದೆ. ಒಳಗೆ ಇಣುಕುವ ಮನಸ್ಸು ಮಾತ್ರ ಎಂದೂ ಆಗಿರಲಿಲ್ಲ. ಅಂದು ಬೆಳಗಿನ ಗೋಷ್ಠಿಗೆ ಬಂದಿದ್ದ ಪ್ರಾಧ್ಯಾಪಕರೊಬ್ಬರ ಫೈಲು ನಮ್ಮೆದುರು ತೆರೆದುಕೊಂಡಿತು. ‘ಮೀಡಿಯಾ’ ಎಂಬ ಫೋಲ್ಡರಿನಲ್ಲಿ ಅವರ ಚಿತ್ರಗಳೆಲ್ಲ ಇದ್ದವು. ಸ್ಲೈಡಿನಲ್ಲಿ ಪಕ್ಕದವರನ್ನು ಕತ್ತರಿಸಿ ತಮ್ಮ ಮುಖವನ್ನಷ್ಟೇ ಉಳಿಸಿಕೊಂಡಿದ್ದ ಫೋಟೊದಲ್ಲಿ ಆ ಪಕ್ಕದವರು ಇಲ್ಲಿ ನಗುತ್ತಲೇ ನಿಂತಿದ್ದರು. ಕತ್ತರಿಸಿದ ಭಾಗವನ್ನು ಅಳಿಸು ಎಂದು ಬೇರೆಯಾಗಿ ಹೇಳದಿದ್ದರೆ ಪವರ್‌ಪಾಯಿಂಟ್ ಅದನ್ನು ಮುಚ್ಚಿಡುತ್ತದೆ, ಬಿಸಾಡುವುದಿಲ್ಲ. ಇನ್ನು ವಿಡಿಯೊ? ಅದು ಫೋಲ್ಡರಿನಲ್ಲಿ ಇರಲೇ ಇಲ್ಲ. “ಬರೇ ವಿಳಾಸ ಬಂದೈತ್ರಿ” ಎಂದು ಹುಡುಗ ಒಂದು ಸಾಲು ತೋರಿಸಿದ. ವಿಳಾಸ ಪ್ರಾಧ್ಯಾಪಕರ ಮನೆಯ ಕಂಪ್ಯೂಟರಿನ ಸಿ ಡ್ರೈವ್‌ನದು. ವಿಡಿಯೊ ಸೇರಿಸುವಾಗ ಅವರು ‘ಲಿಂಕ್’ ಎಂಬುದನ್ನು ಆರಿಸಿಕೊಂಡಿದ್ದರು.

ನನ್ನನ್ನು ಹಿಡಿದು ಕೂರಿಸಿದ್ದು ಅಕ್ಷರಗಳು. ಮೊದಲ ಸ್ಲೈಡಿನ ಎಕ್ಸ್‌ಎಂಎಲ್ ಕಡತವನ್ನು ಆತ ಬ್ರೌಸರಿನಲ್ಲಿ ತೆರೆದ. ಫಾಂಟಿನ ಹೆಸರು ‘ನುಡಿ 01 ಇ’ ಎಂದು ಸ್ಪಷ್ಟವಾಗಿತ್ತು. ಅದರ ಮುಂದೆ ಕನ್ನಡ ಮಾತ್ರ ಇರಲಿಲ್ಲ. ‘ಕನ್ನಡ’ ಎಂದಿರಬೇಕಾದ ಕಡೆ ಏಳು ಗುರುತುಗಳು: ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟಿಷರ ಪೌಂಡು ಚಿಹ್ನೆ, ಪುನಃ ಅದೇ ‘ಎ’, ಜರ್ಮನ್ನರ ಜೋಡಿ ‘ಎಸ್’, ಚಿಕ್ಕ ‘ಕ್ಯೂ’, ಕೊನೆಗೆ ಮತ್ತೆ ‘ಎ’. ಹಳೆಯ ನುಡಿ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಬೆಚ್ಚಿದವರಿಗೆಲ್ಲ ಈ ಸಾಲು ಗೊತ್ತು. ಅದರೊಳಗೊಂದು ಲೆಕ್ಕಾಚಾರ ಇದೆ. ‘ಪಿ’ಯ ಜಾಗದಲ್ಲಿ ತಲೆಕಟ್ಟಿಲ್ಲದ ‘ಕ’ ಕೂತಿದೆ, ಓರೆಗೆರೆಯ ‘ಎ’ ಜಾಗದಲ್ಲಿ ತಲೆಕಟ್ಟು. ಆ ಗೆರೆ ಎಡಕ್ಕೆ ವಾಲುವ ಬದಲು ಬಲಕ್ಕೆ ವಾಲಿದರೆ ‘ಕ’ ಹೋಗಿ ‘ಕಾ’ ಆಗುತ್ತದೆ. ‘ಕರ್ನಾಟಕ’ದ ಅರ್ಕಾವೊತ್ತು ಐಸ್‌ಲ್ಯಾಂಡಿನವರು ಬಳಸುವ ಒಂದು ಅಕ್ಷರದ ಮನೆಯಲ್ಲಿದೆ. ಒಟ್ಟು 256 ಮನೆಗಳಲ್ಲಿ ಕಾಗುಣಿತ, ಒತ್ತು, ಅಂಕಿಗಳನ್ನೆಲ್ಲ ತುಂಬಿದ ಈ ಜಾಣತನಕ್ಕೆ ನಾನು ಇವತ್ತಿಗೂ ಮರುಳು. ಚಹಾ ಆರಿದರೂ ಏಳದೆ ಆ ಸಾಲುಗಳನ್ನು ಓದುತ್ತ ಕೂತೆ. ಒಂದಷ್ಟು ಹೊತ್ತಾದ ಮೇಲೆ ಫಾಂಟ್ ಇಲ್ಲದೆಯೂ ಓದಲು ಬರತೊಡಗಿತು!

ಆ ಜಾಣತನ ಅನಿವಾರ್ಯವೂ ಆಗಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಅದನ್ನು ಸರಿಯಾಗಿ ತೋರಿಸುವ ವಿಂಡೋಸ್, ಅದರ ಜೊತೆಗೆ ‘ತುಂಗಾ’ ಫಾಂಟು, ನಮ್ಮ ಮೇಜಿಗೆ ಬರಲು ಎಕ್ಸ್‌ಪಿವರೆಗೆ, ಅಂದರೆ 2001ರ ತನಕ, ಕಾಯಬೇಕಾಯಿತು. ಅಷ್ಟರಲ್ಲಿ ‘ಬರಹ’ ತಂತ್ರಾಂಶ ಬಂದಿತ್ತು, ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಿಗೆ ಇಳಿಯತೊಡಗಿತ್ತು. ಡಿಟಿಪಿಯವರ ಪೇಜ್‌ಮೇಕರ್‌ಗೆ ಯೂನಿಕೋಡ್ ಕೊನೆಯವರೆಗೂ ತಿಳಿಯಲಿಲ್ಲ. ಹಾಗಾಗಿ ಹಳೆಯ ಫಾಂಟುಗಳು ಕೈಯಲ್ಲೇ ಉಳಿದವು, ಕೈಯಿಂದ ಸ್ಲೈಡಿಗೂ ಹತ್ತಿದವು.

ರಾಬರ್ಟ್ ಗ್ಯಾಸ್ಕಿನ್ಸ್, ಡೆನಿಸ್ ಆಸ್ಟಿನ್ ಪವರ್‌ಪಾಯಿಂಟ್ ಕಟ್ಟಿದಾಗ ಈ ಫಜೀತಿಯೇ ಇರಲಿಲ್ಲ. 1987ರಲ್ಲಿ ಮ್ಯಾಕಿಂಟಾಶ್‌ಗೆ ಬಂದ ಮೊದಲ ಆವೃತ್ತಿಯ ಕೆಲಸ ಓವರ್‌ಹೆಡ್ ಪ್ರೊಜೆಕ್ಟರಿನ ಹಾಳೆ ಮುದ್ರಿಸುವುದು. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು 1.4 ಕೋಟಿ ಡಾಲರಿಗೆ ಕೊಂಡಿತು. ಹಾಳೆಯ ಮೇಲೆ ಶಾಯಿ ಒಣಗಿದರೆ ಮುಗಿಯಿತು, ಯಾವ ಊರಿಗೆ ಒಯ್ದರೂ ಅಕ್ಷರ ಅದೇ. ಇಂದಿನ ಫೈಲು ದಿನಸಿ ಬಿಟ್ಟು ಬರೀ ಚೀಟಿ ಕಳಿಸುವ ಅಂಗಡಿಯವನಂತೆ: ಫಾಂಟಿನ ಹೆಸರನ್ನು ಒಯ್ಯುತ್ತದೆ, ಫಾಂಟನ್ನಲ್ಲ.

ಫಾಂಟನ್ನೂ ಒಯ್ಯುವಂತೆ ಮಾಡಬಹುದು. ಫೈಲ್, ಆಪ್ಶನ್ಸ್, ಸೇವ್ ಎಂದು ಹೋದರೆ ಕೆಳಗಡೆ ‘ಎಂಬೆಡ್ ಫಾಂಟ್ಸ್’ ಎಂಬ ಚೌಕವಿದೆ. ಅಲ್ಲಿ ಬಳಸಿದ ಅಕ್ಷರಗಳನ್ನಷ್ಟೇ ಸೇರಿಸುವುದೋ ಎಲ್ಲವನ್ನೂ ಸೇರಿಸುವುದೋ ಎಂದು ಕೇಳುತ್ತದೆ. ಎಲ್ಲವನ್ನೂ ಎನ್ನಿ. ಇಲ್ಲದಿದ್ದರೆ ಸಭಾಂಗಣದಲ್ಲಿ ಒಂದು ಹೆಸರು ತಿದ್ದಲು ಹೋದಾಗ ಬೇಕಾದ ಒತ್ತು ಸಿಗಲಿಕ್ಕಿಲ್ಲ. ಫಾಂಟ್ ಮಾಡಿದವರು ಅನುಮತಿ ಕೊಟ್ಟಿರದಿದ್ದರೆ ಈ ಉಪಾಯ ನಡೆಯದು. ಆ ತಕರಾರಿಲ್ಲದ ನೋಟೊ ಸ್ಯಾನ್ಸ್ ಕನ್ನಡ ನನ್ನ ಆಯ್ಕೆ. ಯೂನಿಕೋಡಿನಲ್ಲಿ ಟೈಪಿಸಿದ್ದರೆ ಫಾಂಟ್ ತಪ್ಪಿಹೋದರೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ: ವಿಂಡೋಸ್ ಅದನ್ನು ನಿರ್ಮಲಾದಲ್ಲಿ ತೋರಿಸೀತು, ಮ್ಯಾಕ್ ಕನ್ನಡ ಸಂಗಮ್‌ನಲ್ಲಿ. ಹೆಚ್ಚೆಂದರೆ ಸಾಲು ಮುರಿದು ಕೆಳಗಿನ ಚಿತ್ರದ ಮೇಲೆ ಹತ್ತುತ್ತದೆ, ಅಷ್ಟೆ. ಹಳೆಯ ನುಡಿ ಸ್ಲೈಡನ್ನು ಪರಿವರ್ತಕಕ್ಕೆ ಹಾಕುವವರು ನಡುವಿನ ಇಂಗ್ಲಿಷ್ ಪದಗಳನ್ನು ಕಾಯಬೇಕು. ಅವೂ ಕನ್ನಡವೆಂದೇ ತಿಳಿದು ಅದು ಅರ್ಥವಿಲ್ಲದ ಕಾಗುಣಿತ ಮಾಡಿಡುತ್ತದೆ.

ವಿಡಿಯೊ ಎಂಪಿ4 ಆಗಿದ್ದರೆ ಸಾಕು ಎಂಬ ಮಾತು ಅರ್ಧಸತ್ಯ. ಒಳಗಿನ ಸಂಕೇತನವೂ ಮುಖ್ಯ: ಐಫೋನಿನಲ್ಲಿ ಚಿತ್ರಿಸಿದ್ದು ಹಲವು ಬಾರಿ ಎಚ್‌ಇವಿಸಿ ಆಗಿರುತ್ತದೆ. ಅದನ್ನು ಅರಿಯದ ವಿಂಡೋಸ್‌ನಲ್ಲಿ ದನಿ ಕೇಳುತ್ತದೆ, ಪರದೆ ಕಪ್ಪು. ಎಚ್.264ಕ್ಕೆ ಬದಲಿಸಿಕೊಂಡು ಹೋಗುವುದು ಕ್ಷೇಮ. “ಪಿಡಿಎಫ್ ಮಾಡಿಬಿಡಿ, ತಲೆನೋವೇ ಇಲ್ಲ” ಎನ್ನುವವರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅಕ್ಷರ ಉಳಿಯುತ್ತದೆ ನಿಜ, ವಿಡಿಯೊ ಮತ್ತು ಅನಿಮೇಶನ್ ಬಿದ್ದುಹೋಗುತ್ತವೆ. ಆಪತ್ತಿಗೆ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲಿ.

ಪ್ರಾಧ್ಯಾಪಕರ ಸ್ಲೈಡುಗಳು ಅಂದು ಪಾರಾದವು. ಹುಡುಗ ತನ್ನ ಯಂತ್ರದಲ್ಲಿ ನುಡಿ, ಬರಹ ಎರಡನ್ನೂ ಹಾಕಿಟ್ಟಿದ್ದ. ವಿಡಿಯೊ ಮಾತ್ರ ಅವರ ಮಗಳು ಮನೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕಾಯಿತು.

ಇಂಥ ಹುಡುಗ ಎಲ್ಲ ಸಭಾಂಗಣದಲ್ಲೂ ಸಿಗುವುದಿಲ್ಲ. ಆದ್ದರಿಂದ ಸಂಘಟಕರಲ್ಲಿ ಒಂದು ಕೋರಿಕೆ: ಆಹ್ವಾನ ಕಳಿಸುವಾಗ ಊಟದ ವೇಳೆಯ ಜೊತೆಗೆ ಸಭಾಂಗಣದ ಕಂಪ್ಯೂಟರಿನಲ್ಲಿ ಯಾವ ವರ್ಷದ ಆಫೀಸ್ ಇದೆ, ಪ್ರೊಜೆಕ್ಟರಿಗೆ ಎಚ್‌ಡಿಎಂಐ ತಂತಿಯೋ ವಿಜಿಎ ತಂತಿಯೋ ಎಂದು ಒಂದು ಸಾಲು ಬರೆಯಿರಿ. ಫೈಲನ್ನು ಹಿಂದಿನ ಸಂಜೆಯೇ ತರಿಸಿಕೊಂಡು ಅದೇ ಯಂತ್ರದಲ್ಲಿ ಕೊನೆಯ ಸ್ಲೈಡಿನವರೆಗೆ ಓಡಿಸಿ ನೋಡಿ.