ಸೇಬಿನ ಸಣ್ಣ ತೋಟ

ಸೇಬೆಂಬ ಹೆಸರು ಪಾರಸಿಯಿಂದ ಬಂದು ನಮ್ಮ ನುಡಿಯಲ್ಲಿ ಸುಖವಾಗಿ ನೆಲಸಿದೆ. ಹೆಸರು ನೆಲಸಿದಷ್ಟು ಸುಲಭವಾಗಿ ಗಿಡವು ನೆಲಸಲಿಲ್ಲ. ಈ ವೃಕ್ಷದ ಮೂಲಸ್ಥಾನವು ಮಧ್ಯ ಏಷ್ಯದ ತಿಯೆನ್ ಷಾನ್ ಪರ್ವತಪ್ರಾಂತವೆಂದು ಸಸ್ಯಶಾಸ್ತ್ರಜ್ಞರು ನಿರ್ಧರಿಸಿರುತ್ತಾರೆ. ಅಲ್ಲಿಯ ಕಾಡುಗಳಲ್ಲಿ ಅದರ ಪೂರ್ವಜವು ಇಂದಿಗೂ ತಾನಾಗಿ ಬೆಳೆಯುತ್ತಿದೆ. ಹಿಮದ ನಾಡಿನಲ್ಲಿ ಹುಟ್ಟಿದ ಮರವಾದುದರಿಂದ ಅದು ಚಳಿಯನ್ನು ಸಹಿಸುವುದು ಮಾತ್ರವಲ್ಲ, ಚಳಿಯನ್ನು ಬೇಡುತ್ತದೆ. ಅದರ ಕೃಷಿಯ ತೊಡಕುಗಳನ್ನು ತಿಳಿಯಲು ದೊಡ್ಡ ತೋಟಕ್ಕಿಂತ ಸಣ್ಣ ತೋಟವೇ ಮೇಲು. ಸಾವಿರ ಮರಗಳ ಒಡೆಯನು ಹತ್ತು ಮರ ಒಣಗಿದರೆ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾಗುತ್ತಾನೆ. ನೂರು ಮರದವನಿಗೆ ಹತ್ತು ಮರವೆಂದರೆ ಮಕ್ಕಳ ವಿದ್ಯಾಭ್ಯಾಸದ ವೆಚ್ಚ. ಆದಕಾರಣ ಹಿಮಾಚಲ ಪ್ರದೇಶದ ಕೋಟಗಢದ ಸುತ್ತಣ ಗುಡ್ಡಗಳ ಸಣ್ಣ ತೋಟವನ್ನೇ ಇಲ್ಲಿ ಮುಖ್ಯ ನಿದರ್ಶನವಾಗಿ ಇಟ್ಟುಕೊಳ್ಳುತ್ತೇವೆ.

ಈ ಸೀಮೆಗೆ ಸೇಬನ್ನು ತಂದವರು ಆಂಗ್ಲೇಯರು. ಕ್ಯಾಪ್ಟನ್ ಲೀ ಎಂಬವರು 1870ರಲ್ಲಿ ಕುಲೂ ಕಣಿವೆಯ ಬಂದ್ರೋಲಿನಲ್ಲಿಯೂ, ಅಲೆಕ್ಸಾಂಡರ್ ಕೂಟ್ಸ್ ಎಂಬವರು 1887ರಲ್ಲಿ ಸಿಮ್ಲಾ ಸಮೀಪದ ಮಶೋಬ್ರಾದಲ್ಲಿಯೂ ತೋಟಗಳನ್ನು ಹಾಕಿದರು. ಅವರು ನೆಟ್ಟವುಗಳಲ್ಲಿ ಬಹುಪಾಲು ಹುಳಿಬೆರೆತ ಇಂಗ್ಲಿಷ್ ಜಾತಿಗಳು. ಹಿಂದೂಸ್ಥಾನದ ನಾಲಗೆಗೆ ಸಿಹಿಯೇ ಬೇಕಾಗಿದ್ದಿತು. ಅಮೆರಿಕದಿಂದ ಬಂದು ಕೋಟಗಢದಲ್ಲಿ ನೆಲಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್, ಮುಂದೆ 1932ರಲ್ಲಿ ಸತ್ಯಾನಂದರೆಂದು ಹೆಸರನ್ನು ಬದಲಿಸಿಕೊಂಡವರು, 1916ರಲ್ಲಿ ‘ರೆಡ್ ಡೆಲಿಶಸ್’ ಎಂಬ ಜಾತಿಯ ಸಸಿಗಳನ್ನು ತರಿಸಿ ನೆಟ್ಟರು. ಕೆಂಪು ಬಣ್ಣ, ಮಧುರ ರುಚಿ, ದೂರದ ಪ್ರಯಾಣವನ್ನು ತಾಳುವ ಗುಣ, ಇವು ಒಂದೇ ಹಣ್ಣಿನಲ್ಲಿ ಕೂಡಿದ್ದುದರಿಂದ ಸುತ್ತಣ ರೈತರೆಲ್ಲರೂ ಅದನ್ನೇ ಅನುಸರಿಸಿದರು. ಬಡ ಪಹಾಡಿಗಳಿಗೆ ಅದು ಬಾಳು ಕೊಟ್ಟಿತೆಂಬುದು ನಿಜ. ಮುಂದಿನ ತೊಡಕಿನ ಬೀಜವೂ ಅದರೊಳಗೇ ಇದ್ದಿತು.

ಅದು ಹೇಗೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸೇಬಿನ ಬೀಜವನ್ನು ಬಿತ್ತಿದರೆ ತಾಯಿಮರದ ಗುಣವು ಬರುವುದಿಲ್ಲ. ಪ್ರತಿಯೊಂದು ಬೀಜವೂ ಬೇರೊಂದು ಜಾತಿಯೇ ಆಗುತ್ತದೆ. ಆದುದರಿಂದ ಒಳ್ಳೆಯ ಮರದ ಕಡ್ಡಿಯನ್ನು ತೆಗೆದು ಬೇರೆ ಬುಡಕ್ಕೆ ಕಸಿಕಟ್ಟುವುದೊಂದೇ ಜಾತಿಯನ್ನು ಉಳಿಸಿಕೊಳ್ಳುವ ಮಾರ್ಗ. ಹೀಗೆ ಕಟ್ಟಿದ ಮರಗಳು ಲಕ್ಷವಿದ್ದರೂ ತತ್ತ್ವತಃ ಅವೆಲ್ಲವೂ ಒಂದೇ ಮರ. ಒಂದೇ ದೇಹವು ಲಕ್ಷ ಕಡೆ ನಿಂತಿದೆ ಎನ್ನಬೇಕು. ಸೇಬಿನ ಹೂವಾದರೋ ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ. ಸಗೋತ್ರವಿವಾಹದ ನಿಷೇಧವನ್ನು ಮನುಷ್ಯರು ಮೀರಿದರೂ ಮೀರಬಹುದು, ಸೇಬು ಮೀರುವುದು ಬಹಳ ಅಪರೂಪ. ಸ್ವಜಾತಿಯ ಪರಾಗವು ಹೂವಿನ ಶಲಾಕೆಯಲ್ಲಿ ಇಳಿಯುತ್ತಿರುವಾಗಲೇ ಹೂವು ಅದನ್ನು ಗುರುತಿಸಿ ತಡೆದುಬಿಡುತ್ತದೆ. ತೋಟದ ತುಂಬ ರೆಡ್ ಡೆಲಿಶಸ್ ಒಂದೇ ಇದ್ದರೆ ಬೆಟ್ಟವೆಲ್ಲ ಬೆಳ್ಳಗೆ ಹೂವಾಗಿ, ಕಾಯಿ ಮಾತ್ರ ಅಲ್ಲೊಂದು ಇಲ್ಲೊಂದು ನಿಲ್ಲುವುದಕ್ಕೆ ಕಾರಣವಿದು. ಸೇಬಿನೊಳಗೆ ಐದು ಅರೆಗಳಿದ್ದು ಒಂದೊಂದರಲ್ಲಿ ಸಾಮಾನ್ಯವಾಗಿ ಎರಡು ಬೀಜಗಳಿಗೆ ಎಡೆಯುಂಟು. ಬೀಜ ಕಟ್ಟದ ಪಕ್ಕದಲ್ಲಿ ಹಣ್ಣು ಸೊರಗಿ ಸೊಟ್ಟಗಾಗುತ್ತದೆ. ಸೊಟ್ಟ ಹಣ್ಣನ್ನು ಅಡ್ಡಲಾಗಿ ಕೊಯ್ದು ಬೀಜಗಳನ್ನು ಎಣಿಸಿದವನಿಗೆ ವಸಂತದಲ್ಲಿ ನಡೆದ ಕಥೆಯೆಲ್ಲವೂ ತಿಳಿಯುತ್ತದೆ.

ಪರಿಹಾರವು ಬಾಯಿಮಾತಿನಲ್ಲಿ ಸುಲಭ: ನಡುನಡುವೆ ಬೇರೆ ಜಾತಿಯ ಮರಗಳನ್ನು ನೆಡಬೇಕು. ‘ಗೋಲ್ಡನ್ ಡೆಲಿಶಸ್’, ‘ರೆಡ್ ಗೋಲ್ಡ್’ ಮೊದಲಾದವು ಇದಕ್ಕೆ ಯೋಗ್ಯವಾದುವು. ತೋಟದ ನಾಲ್ಕರಲ್ಲೊಂದು, ಕೆಲವೆಡೆ ಮೂರರಲ್ಲೊಂದು ಪಾಲು ಇಂತಹ ಮರಗಳಿರಬೇಕೆಂದು ತಜ್ಞರ ಮತ. ಆದರೆ ಕೆಂಪು ಹಣ್ಣಿಗೆ ಬರುವ ಬೆಲೆಯು ಹಳದಿ ಹಣ್ಣಿಗೆ ಬರುವುದಿಲ್ಲ. ನೂರು ಮರಗಳ ಗೃಹಸ್ಥನು ಮೂವತ್ತನ್ನು ಹಳದಿಗೆ ಬಿಟ್ಟುಕೊಡಬೇಕೆಂದರೆ ಅವನ ಮನಸ್ಸು ಒಪ್ಪುವುದೆಂತು? ಅವನನ್ನು ಮೂಢನೆನ್ನುವವರನ್ನು ನಾವು ಒಪ್ಪಲಾರೆವು. ಮರಕ್ಕೆ ಬರುವ ಬೆಲೆ ಅವನ ಕಣ್ಣಿಗೆ ಕಾಣುತ್ತದೆ, ಪರಾಗದ ಬೆಲೆ ಕಾಣುವುದಿಲ್ಲ. ಹೂವಿನ ಕಾಲದಲ್ಲಿ ಬೇರೆ ಜಾತಿಯ ಹೂಗೊಂಬೆಗಳನ್ನು ಕಡಿದು ತಂದು, ನೀರು ತುಂಬಿದ ಡಬ್ಬಿಗಳಲ್ಲಿಟ್ಟು ಮರಮರಕ್ಕೆ ತೂಗಹಾಕುವ ಉಪಾಯವನ್ನು ಅಲ್ಲಿಯವರು ಕಂಡುಕೊಂಡರು. ಒಂದೇ ಮರದಲ್ಲಿ ಒಂದು ಕೊಂಬೆಗೆ ಮಾತ್ರ ಬೇರೆ ಜಾತಿಯನ್ನು ಕಸಿಕಟ್ಟುವುದು ಇದಕ್ಕಿಂತ ಸ್ಥಿರವಾದುದು. ಸಣ್ಣ ತೋಟಕ್ಕೆ ಇದೇ ಉತ್ತಮವೆಂದು ನಮಗೆ ತೋರುತ್ತದೆ. ಇಷ್ಟಾದರೂ ಪರಾಗವನ್ನು ಹೊತ್ತು ತರಲು ಜೇನುನೊಣವು ಬೇಕು. ಹೂವು ಪರಾಗವನ್ನು ಸ್ವೀಕರಿಸುವುದು ಕೆಲವೇ ದಿನಗಳು. ಆ ದಿನಗಳಲ್ಲಿ ಮಳೆಯೋ ಥಂಡಿಗಾಳಿಯೋ ಬಂದರೆ ನೊಣವು ಗೂಡನ್ನು ಬಿಡುವುದಿಲ್ಲ. ಯುರೋಪಿನ ಜೇನಿಗಿಂತ ನಮ್ಮ ದೇಶದ ತುಡುವೆಜೇನು ಹೆಚ್ಚು ಚಳಿಯಲ್ಲಿ ಕೆಲಸಕ್ಕೆ ಹೊರಡುವುದೊಂದು ಸಮಾಧಾನ. ಹೂವಿನ ಕಾಲಕ್ಕೆ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತರುವ ಪದ್ಧತಿಯು ಹಿಮಾಚಲದಲ್ಲಿ ಬೆಳೆದಿದೆ. ಚೀನಾದ ಸಿಚುವಾನಿನ ಮಾವೋಷಿಯನ್ ಸೀಮೆಯಲ್ಲಿ ನೊಣಗಳು ಸಾಲದೆ, ಜನರೇ ಮರ ಹತ್ತಿ ಹೂವು ಹೂವಿಗೆ ಪರಾಗವನ್ನು ಸವರುತ್ತಿದ್ದುದುಂಟು.

ಇನ್ನು ಚಳಿಯ ವಿಚಾರ. ಶರತ್ಕಾಲದಲ್ಲಿ ಎಲೆಯುದುರಿಸಿದ ಮರವು ಗಾಢನಿದ್ರೆಗೆ ಸಲ್ಲುತ್ತದೆ. ಮಾಘಮಾಸದ ಒಂದು ಬೆಚ್ಚನೆಯ ಹಗಲಿಗೆ ಮೋಸಹೋಗಿ ಚಿಗುರಿದರೆ ಮುಂದಿನ ಹಿಮಕ್ಕೆ ಸುಟ್ಟುಹೋಗಬೇಕಷ್ಟೆ. ಆದುದರಿಂದ ಸಾಕಷ್ಟು ಶೈತ್ಯವು ಕಳೆಯಿತೆಂದು ಲೆಕ್ಕವಾಗುವವರೆಗೆ ಅದು ಎಚ್ಚರಗೊಳ್ಳುವುದಿಲ್ಲ. 7 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿನ ಗಂಟೆಗಳನ್ನು ಎಣಿಸುವುದು ಸ್ಥೂಲವಾದ ಕ್ರಮ. ಡೆಲಿಶಸ್ ಜಾತಿಗೆ ಇಂತಹವು ಸುಮಾರು ಒಂದು ಸಾವಿರವಾದರೂ ಬೇಕು. ಲೆಕ್ಕವು ತುಂಬದಿದ್ದರೆ ಮೊಗ್ಗುಗಳು ಒಂದೊಂದಾಗಿ, ಹೊತ್ತುಗೆಟ್ಟು ಅರಳುತ್ತವೆ. ಕೆಂಪಿನ ಹೂವೂ ಹಳದಿಯ ಹೂವೂ ಒಂದೇ ವಾರದಲ್ಲಿ ಕೂಡುವುದಿಲ್ಲ. ಹಿಮಾಲಯದ ಚಳಿಗಾಲವು ಮೆತ್ತಗಾಗುತ್ತ ಬಂದಿರುವುದರಿಂದ ಕೆಳಗಿನ ಇಳಿಜಾರಿನ ತೋಟಗಳು ಸೋತು, ಕೃಷಿಯು ಬೆಟ್ಟದ ಮೇಲಕ್ಕೆ ಸರಿಯುತ್ತಿದೆ. ಹಳೆಯ ತೋಟವುಳ್ಳವನು ತನ್ನ ಹೊಲವನ್ನು ಹೊತ್ತು ಮೇಲಕ್ಕೆ ಹೋಗಲಾರನಷ್ಟೆ.

ಚಳಿಯಿಲ್ಲದೆಡೆ ಸೇಬು ಬಾರದೆಂದು ಇದರಿಂದ ತೀರ್ಮಾನಿಸತಕ್ಕದ್ದಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನಮ್ಮ ಬೆಂಗಳೂರಿನ ಆಸುಪಾಸಿನಲ್ಲಿ ಸೇಬು ಬೆಳೆಯುತ್ತಿದ್ದುದನ್ನು ಹಿರಿಯರು ಬಲ್ಲರು. ‘ರೋಮ್ ಬ್ಯೂಟಿ’ ಎಂಬುದು ಇಲ್ಲಿಗೆ ಹೊಂದಿದ ಜಾತಿ. ಇಲ್ಲಿಯ ಮಾಗಿಯ ರಾತ್ರಿಗಳೂ 7 ಡಿಗ್ರಿಗೆ ಇಳಿಯುವುದಿಲ್ಲವೆಂದೇ ಹೇಳಬಹುದು. ಅದೇ ಜಾತಿಯು ಭೂಮಧ್ಯರೇಖೆಗೆ ಸಮೀಪದ ಜಾವಾ ದ್ವೀಪದ ಬಾಟು ಎಂಬಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಅಲ್ಲಿಯ ರೈತರು ಕೊಯ್ಲಾದ ಕೆಲವು ವಾರಗಳಿಗೆ ಎಲೆಗಳನ್ನೆಲ್ಲ ಕೈಯಿಂದ ಕಿತ್ತುಬಿಡುತ್ತಾರೆ. ಮರವು ಗಾಢನಿದ್ರೆಗೆ ಇಳಿಯುವ ಮುನ್ನವೇ ಎಲೆ ಹೋದುದರಿಂದ ಮೊಗ್ಗುಗಳು ಕೂಡಲೆ ಒಡೆಯುತ್ತವೆ. ನಿದ್ರೆಯೇ ಇಲ್ಲದವನನ್ನು ಎಬ್ಬಿಸಲು ಚಳಿಯೇಕೆ? ಕೂಲಿಯ ಲೆಕ್ಕ ಮಾತ್ರ ಭಾರವಾದುದು. ಈಚೆಗೆ ಇಸ್ರೇಲಿನ ‘ಅನ್ನಾ’, ಹಿಮಾಚಲದ ಬಿಲಾಸಪುರ ಜಿಲ್ಲೆಯ ಕೃಷಿಕ ಹರಿಮನ್ ಶರ್ಮರು ಬೆಳಸಿದ ‘ಎಚ್‌ಆರ್‌ಎಂಎನ್-99’ ಮೊದಲಾದ ಅಲ್ಪಶೈತ್ಯದ ಜಾತಿಗಳು ಬಯಲುಸೀಮೆಗೂ ಬಂದಿವೆ; ಶರ್ಮರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ಗಿಡ ಹೂಬಿಟ್ಟ ಮಾತ್ರಕ್ಕೆ ತೋಟವು ಗೆದ್ದಿತೆಂದು ನಂಬಬಾರದು. ಹಣ್ಣಿಗೆ ಕೆಂಪೇರಲು ತಂಪಾದ ರಾತ್ರಿಗಳು ಬೇಕು. ಬಣ್ಣವಿಲ್ಲದ ಹಣ್ಣನ್ನು ಸಂತೆಯು ಕೇಳುವುದಿಲ್ಲ.

ರೋಗಗಳಲ್ಲಿ ಕಜ್ಜಿರೋಗವೊಂದನ್ನು ಹೇಳಿದರೆ ಸಾಕು. ಉದುರಿದ ಎಲೆಗಳಲ್ಲಿ ಚಳಿಗಾಲವನ್ನು ಕಳೆದ ಬೂಷ್ಟು ವಸಂತದ ಮಳೆಯಲ್ಲಿ ಮತ್ತೆ ಮರಕ್ಕೆ ಏರುತ್ತದೆ. 1983ರಲ್ಲಿ ಹಿಮಾಚಲದಲ್ಲಿ ಇದು ಭಾರಿ ಹಾನಿ ಮಾಡಿತು. ತನ್ನ ಎಲೆಗಳನ್ನು ಗುಡಿಸಿ ಸುಟ್ಟವನಿಗೂ ನೆರೆಯವನ ಅಲಕ್ಷ್ಯದಿಂದ ತೊಂದರೆ ತಪ್ಪುವುದಿಲ್ಲ. ಗಾಳಿಯು ಹದ್ದಿನ ಕಲ್ಲನ್ನು ಎಣಿಸುವುದಿಲ್ಲ.

ಮರವು ಒಂದು ವರ್ಷ ಹೊರೆಹೊರೆಯಾಗಿ ಫಲಿಸಿ ಮರುವರ್ಷ ಬಂಜೆಯಂತೆ ನಿಲ್ಲುವುದು ಇನ್ನೊಂದು ಕಷ್ಟ. ಮುಂದಿನ ವರ್ಷದ ಹೂಮೊಗ್ಗು ಹುಟ್ಟುವುದು ಈ ವರ್ಷದ ಬೇಸಗೆಯಲ್ಲಿಯೇ. ಕಾಯಿಗಳೊಳಗಿನ ಎಳೆಬೀಜಗಳು ಹೊರಡಿಸುವ ಒಂದು ರಸವು ಅದನ್ನು ತಡೆಯುತ್ತದೆ. ಆದುದರಿಂದ ಕಾಯಿ ಗೋಲಿಯಷ್ಟಿರುವಾಗಲೇ ಗೊಂಚಲಿಗೆ ಒಂದನ್ನು ಉಳಿಸಿ ಮಿಕ್ಕವನ್ನು ಕಿತ್ತು ಚೆಲ್ಲಬೇಕು. ಸಾಲಮಾಡಿ ಗೊಬ್ಬರ ಹಾಕಿದವನಿಗೆ ಹತ್ತರಲ್ಲಿ ಆರೇಳು ಕಾಯಿಗಳನ್ನು ಕಿತ್ತು ನೆಲಕ್ಕೆಸೆಯೆಂದು ಹೇಳುವುದು ಸುಲಭವಲ್ಲ. ಕಿತ್ತವನ ಹಣ್ಣು ದಪ್ಪನಾಗಿ ಒಳ್ಳೆಯ ದರ್ಜೆಗೆ ಸೇರುತ್ತದೆಂಬುದು ಎರಡನೆಯ ವರ್ಷಕ್ಕೆ ಮಾತ್ರ ಮನದಟ್ಟಾಗುತ್ತದೆ.

ಕೊನೆಯದಾಗಿ ಬುಡದ ವಿಷಯ. ಹಿಂದೆ ಕಾಡುಸೇಬಿನ ಸಸಿಗೆ ಕಸಿಕಟ್ಟುತ್ತಿದ್ದರು; ಮರವು ಎತ್ತರವಾಗಿ, ಬೇರು ಆಳಕ್ಕಿಳಿದು, ಫಲಕ್ಕೆ ಏಳೆಂಟು ವರ್ಷ ಕಾಯಿಸುತ್ತಿದ್ದಿತು. ಇಂಗ್ಲೆಂಡಿನ ಈಸ್ಟ್ ಮಾಲಿಂಗಿನಲ್ಲಿ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ವಿಂಗಡಿಸಿದ ಕುಬ್ಜ ಬುಡಗಳಲ್ಲಿ ‘ಎಂ. 9’ ಎಂಬುದು ಮೂರನೆಯ ವರ್ಷಕ್ಕೇ ಫಲ ತೋರಿಸುತ್ತದೆ. ಆದರೆ ಅದರ ಬೇರು ದುರ್ಬಲ. ಜೀವಮಾನವೆಲ್ಲ ಊರೆಗೋಲೂ ನೀರಿನ ವ್ಯವಸ್ಥೆಯೂ ಬೇಕು. ಮಳೆಯನ್ನೇ ನಂಬಿದ ಇಳಿಜಾರಿಗೆ ‘ಎಂಎಂ. 111’ರಂತಹ ಮಧ್ಯಮ ಬುಡವೇ ಮೇಲು. ಬೇರನ್ನೂ ಬಿಡದ ಬಿಳಿಯುಣ್ಣೆಯ ಹೇನಿಗೂ ಅದು ಸುಲಭವಾಗಿ ತುತ್ತಾಗುವುದಿಲ್ಲ. ಹಳೆಯ ಮರವನ್ನು ಕಿತ್ತ ಗುಳಿಯಲ್ಲಿಯೇ ಹೊಸದನ್ನು ನೆಟ್ಟರೆ ಮಣ್ಣಿನ ದೋಷದಿಂದ ಸಸಿಯು ಸೊರಗುತ್ತದೆ; ಹಾಗೆಂದು ಮಣ್ಣನ್ನು ಮೂರು ವರ್ಷ ಬಿಟ್ಟು ಕಾಯಲು ಸಣ್ಣ ತೋಟದವನಿಗೆ ಬೇರೆ ವರಮಾನವಿಲ್ಲ. ಆದಕಾರಣ ಮುದಿಮರಗಳನ್ನು ನಿಲ್ಲಗೊಟ್ಟು, ಅವುಗಳ ಸಾಲಿನ ನಡುವಣ ಬಿಡುವಿನಲ್ಲಿ ಹೊಸ ಸಸಿಗಳನ್ನು ನೆಟ್ಟು, ಇವು ಫಲಕ್ಕೆ ಬಂದಂತೆಲ್ಲ ಅವನ್ನು ಒಂದೊಂದಾಗಿ ಕಡಿಯುವುದೇ ಅಂತಹವನಿಗೆ ಉಳಿದ ದಾರಿ.