ಧೂಳು ಒರೆಸಬೇಡಿ

2011ರ ಡಿಸೆಂಬರ್ 1ರಂದು ಇಂಗ್ಲೆಂಡಿನ ವೇಬ್ರಿಜ್‌ನಲ್ಲಿ ಬಾನಮ್ಸ್ ಸಂಸ್ಥೆ ಒಂದು ಆಸ್ಟಿನ್-ಹೀಲಿ ಕಾರನ್ನು ಹರಾಜಿಗಿಟ್ಟಿತು. ಮಾರುವವರು ಅದನ್ನು 1969ರಲ್ಲಿ ಕೊಂಡದ್ದು 155 ಪೌಂಡಿಗೆ. ಆಮೇಲೆ 42 ವರ್ಷ ಅದು ಅವರದ್ದೇ. ಹೊಸದಾಗಿ ಕಾಣಲಿ ಎಂದು ಯಾರೂ ಅದಕ್ಕೆ ಕೈ ಹಾಕಿರಲಿಲ್ಲ. ಕೊಟ್ಟಿಗೆಯಿಂದ ಎಳೆದು ತಂದ ಸ್ಥಿತಿಯಲ್ಲೇ 8 ಲಕ್ಷ 43 ಸಾವಿರ ಪೌಂಡಿಗೆ ಹೋಯಿತು.

ಸಾಮಾನ್ಯ ಕಾರೇನಲ್ಲ ಬಿಡಿ. 1955ರ ಜೂನ್ 11ರ ಸಂಜೆ, ಫ್ರಾನ್ಸಿನ ಲ ಮಾನ್ 24 ಗಂಟೆಗಳ ಓಟದಲ್ಲಿ ಮೈಕ್ ಹಾಥಾರ್ನ್‌ರ ಜಾಗ್ವಾರ್ ಪಿಟ್ ಕಡೆಗೆ ತಿರುಗಲು ಬ್ರೇಕ್ ಹಾಕಿತು. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್ ಈ ಹೀಲಿಯನ್ನು ಎಡಕ್ಕೆ ಎಳೆದರು. ಅದರ ಹಿಂದೆ ನುಗ್ಗಿ ಬರುತ್ತಿದ್ದ ಮರ್ಸಿಡಿಸ್ ಹೀಲಿಯ ಎಡ ಹಿಂಬದಿಗೆ ಬಡಿದು ಮೇಲಕ್ಕೆ ಹಾರಿ, ಅದರ ಚೂರುಗಳು ಜನರ ಮೇಲೆ ಬಿದ್ದವು. ಸತ್ತವರು 80ಕ್ಕೂ ಹೆಚ್ಚು. ಮ್ಯಾಕ್ಲಿನ್ ಬದುಕಿದರು. ಇಂಥ ಕಾರಿನ ಮೈಗೆ ಹೊಳಪು ಕೊಡಿಸಿದ್ದರೆ ಸಾಕ್ಷಿಯ ಬಾಯಿ ಕಟ್ಟಿದಂತಾಗುತ್ತಿತ್ತೇನೋ.

ಮೊದಲೆಲ್ಲ ಹೀಗಿರಲಿಲ್ಲ. ಹಳೆಯ ಸ್ಪೋರ್ಟ್ಸ್ ಕಾರು ಮಾರುವುದೆಂದರೆ ಬಿಚ್ಚುವುದು, ತುಕ್ಕು ಕತ್ತರಿಸುವುದು, ಬಣ್ಣ ಹೊಡೆಸುವುದು. ಆಬಿಂಗ್ಡನ್ನಿನ ಎಂಜಿ ಕಾರ್ಖಾನೆ 1980ರಲ್ಲಿ ಮುಚ್ಚಿತ್ತು. 1988ರ ಹೊತ್ತಿಗೆ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳಿಂದಲೇ ಅಲ್ಲಿಯ ಎಂಜಿಬಿ ಕಾರಿಗೆ ಪೂರ್ತಿ ಹೊಸ ಒಡಲು ಒತ್ತಿ ಮಾರತೊಡಗಿತು. ಅನುಕೂಲವೇನೋ ಆಯಿತು. ಆದರೆ ಹೊಸ ಒಡಲು, ಹೊಸ ಸೀಟು, ಹೊಸ ಬಣ್ಣ ಬಂದ ಮೇಲೆ ಇದು ಅಪ್ಪ ಓಡಿಸುತ್ತಿದ್ದ ಕಾರೇ ಎಂಬ ಪ್ರಶ್ನೆಯೂ ಬಂತು. ಹೊಳೆಯುವ ಕಾರುಗಳು ಹೆಚ್ಚಾದಷ್ಟೂ, ಕಾರ್ಖಾನೆಯ ಬಣ್ಣವನ್ನೇ ಹೊತ್ತು ಕುಳಿತವು ಅಪರೂಪವಾದವು. 2001ರಲ್ಲಿ ಅಮೆರಿಕದ ಪೆಬಲ್ ಬೀಚ್ ಪ್ರದರ್ಶನವು ಯುದ್ಧಪೂರ್ವದ ಅಂಥ ಕಾರುಗಳಿಗೆ ಪ್ರತ್ಯೇಕ ವಿಭಾಗ ತೆರೆಯಿತು. ಕಾರು ಅಸಲಿಯಾಗಿರುವುದು ಒಂದೇ ಸಲ ಎಂಬ ಮಾತು ವ್ಯಾಪಾರಿಗಳ ನಾಲಿಗೆಯ ಮೇಲೆ ಕುಣಿಯತೊಡಗಿತು. ಆಯುಧಪೂಜೆಗೆ ಗಾಡಿ ತೊಳೆಯದಿದ್ದರೆ ಬೈಸಿಕೊಳ್ಳುವ ನಮಗೆ ಇದು ವಿಚಿತ್ರವೇ.

ಹಾಗೆಂದು ಎಲ್ಲ ತುಕ್ಕಿಗೂ ಬೆಲೆಯಿಲ್ಲ. ಎಂಜಿಬಿ ತಯಾರಾದದ್ದು 5 ಲಕ್ಷಕ್ಕೂ ಹೆಚ್ಚು. ಬಾಗಿಲ ಕೆಳಗಿನ ಸಿಲ್ ತಿಂದುಹೋಗಿದ್ದರೆ ಅದು ಬರೀ ಖರ್ಚು. 1961ರ ಆರಂಭದ ಜಾಗ್ವಾರ್ ಇ-ಟೈಪ್ ಆದರೆ ಮಾತೇ ಬೇರೆ. ಎಂಜಿನ್, ಷಾಸಿ, ಗೇರ್‌ಬಾಕ್ಸ್ ಸಂಖ್ಯೆಗಳು ಕಾರ್ಖಾನೆಯ ದಾಖಲೆಯೊಂದಿಗೆ ತಾಳೆಯಾದರೆ ಧೂಳಿನ ಸಮೇತ ಕೊಳ್ಳುವವರಿದ್ದಾರೆ.

ಅಪ್ಪ ತೀರಿಹೋಗಿ, ಗ್ಯಾರೇಜಿನ ಬಾಗಿಲು ತೆರೆದ ಮಕ್ಕಳಿಗೆ ಕಾರನ್ನು ಪಾಲು ಮಾಡಲು ಬರುವುದಿಲ್ಲ; ಮಾರಲೇಬೇಕು. ಆಗ ಕೈ ಮೊದಲು ಹೋಗುವುದು ಒರೆಸುವ ಬಟ್ಟೆಗೆ, ಆಮೇಲೆ ಕೀಲಿಗೆ. ಎರಡೂ ತಪ್ಪು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ಉಂಗುರಗಳು ಸಿಲಿಂಡರಿಗೆ ಕಚ್ಚಿರಬಹುದು. ಸ್ಪಾರ್ಕ್ ಪ್ಲಗ್ ತೆಗೆದು ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಕೈಯಿಂದ ತಿರುಗಿಸಿ ನೋಡಬೇಕು. ಇಲ್ಲವೇ ಸುಮ್ಮನಿರಬೇಕು. ಸುಮ್ಮನಿರುವುದೇ ವಾಸಿ.

ನಿಜವಾಗಿ ಹುಡುಕಬೇಕಾದದ್ದು ಮನೆಯೊಳಗೆ, ಕಾಗದಗಳ ಡಬ್ಬಿಯಲ್ಲಿ. ಬ್ರಿಟನ್ನಿನ ವಾಹನ ಕಡತಗಳನ್ನು ಸ್ವಾನ್ಸೀಯ ವಾಹನ ನೋಂದಣಿ ಕಚೇರಿಯ ಕಂಪ್ಯೂಟರಿಗೆ ಏರಿಸಿದಾಗ, 1983ರ ನವೆಂಬರ್ ಒಳಗೆ ದಾಖಲಾಗದ ಗಾಡಿಗಳ ನಂಬರು ಬಿದ್ದುಹೋಯಿತು. ಅಷ್ಟರೊಳಗೆ ಕೊಟ್ಟಿಗೆ ಸೇರಿದ್ದ ಕಾರುಗಳಲ್ಲಿ ಎಷ್ಟೋ ಅಂದು ಕಾಗದದ ಮೇಲೆ ಇಲ್ಲವಾದವು. ಹಳೆಯ ಲಾಗ್‌ಬುಕ್ ಸಿಕ್ಕರೆ ದಾರಿಯಿದೆ: ವಿ765 ಎಂಬ ಅರ್ಜಿ, ಆ ಮಾದರಿಯ ಕಾರುಗಳ ಕ್ಲಬ್ಬಿನ ದೃಢೀಕರಣ. ಹಾಗೆ ಮರಳಿ ಬಂದ ನಂಬರನ್ನು ಕಾರಿನಿಂದ ಕಿತ್ತು ಬೇರೆ ಗಾಡಿಗೆ ಹಾಕುವಂತಿಲ್ಲ. ಕಾರು ಹೋದ ಮನೆಗೆ ನಂಬರೂ ಹೋಗುತ್ತದೆ.