ಅಂಗಡಿಯ ಗಾದಿಯೂ ನಮ್ಮ ಆಯ್ಕೆಯೂ

ಊರಿನಿಂದ ಕಾಶಿಯಾತ್ರೆಗೆ ಬಂದ ನೆಂಟರು ಗಂಗಾಸ್ನಾನ, ವಿಶ್ವನಾಥನ ದರ್ಶನ ಮುಗಿಸಿದೊಡನೆ ಕೇಳುವ ಮಾತು, "ಸೀರೆ ಎಲ್ಲಿ ಕೊಳ್ಳೋಣ?" ಎಂಬುದು. ಇಲ್ಲಿ ನೆಲೆಸಿರುವ ನಾವು ಅವರನ್ನು ಚೌಕಿಗೋ ಕುಂಜಗಲ್ಲಿಗೋ ಕರೆದೊಯ್ಯುತ್ತೇವೆ. ಎರಡು ಸಾವಿರದ ಸೀರೆಗೆಂದು ಹೋದವರು ಎಂಟು ಸಾವಿರದ್ದನ್ನು ಹೊತ್ತು ಬರುವುದು ಅಪರೂಪವೇನಲ್ಲ. ವರ್ತಕನ ಮಾತಿನ ಚಮತ್ಕಾರವೆಂದು ನಾವು ನಗುತ್ತೇವೆ. ಆದರೆ ಮಾತಿಗಿಂತ ಮಿಗಿಲಾದ ಕೆಲಸ ಮಾಡುವುದು ಸರಕನ್ನು ಇಟ್ಟ ರೀತಿ ಮತ್ತು ತೋರಿಸುವ ಕ್ರಮ.

ಬನಾರಸಿನ ಹಳೆಯ ಪದ್ಧತಿಯ ಅಂಗಡಿಯಲ್ಲಿ ಪಾದರಕ್ಷೆಯನ್ನು ಕಳಚಿ, ಬಿಳಿಯ ಬಟ್ಟೆ ಹಾಸಿದ ಗಾದಿಯ ಮೇಲೆ ಕುಳಿತುಕೊಳ್ಳಬೇಕು. ಸೀರೆಗಳೆಲ್ಲ ವರ್ತಕನ ಬೆನ್ನ ಹಿಂದಿನ ಕಪಾಟಿನಲ್ಲಿ. ಗಿರಾಕಿ ತಾನೇ ತೆಗೆಯುವಂತಿಲ್ಲ. ಅವನು ಬಿಡಿಸಿದ್ದನ್ನು ನೋಡಬೇಕು. ಮೂವತ್ತು ಸಾವಿರದ್ದನ್ನು ಮೊದಲು ಬಿಡಿಸಿದರೆ, ಆಮೇಲೆ ಬಂದ ಎಂಟು ಸಾವಿರದ್ದು ಅಗ್ಗವಾಗಿ ಕಾಣುತ್ತದೆ. ಅದನ್ನೇ ಮೊದಲು ತೋರಿಸಿದ್ದರೆ ದುಬಾರಿಯೆನ್ನುತ್ತಿದ್ದೆವು! ಬಿಳಿಯ ಹಾಸಿನ ಮೇಲೆ, ದೀಪದ ಬೆಳಕಿನಲ್ಲಿ ಜರಿಯೂ ಹೆಚ್ಚು ಮಿನುಗುತ್ತದೆ. ಮುಂದೆ ಸೀರೆಗಳ ಗುಡ್ಡೆ ಬಿದ್ದು, ಚಹವೂ ಬಂದಮೇಲೆ ಬರಿಗೈಯಲ್ಲಿ ಏಳಲು ದಾಕ್ಷಿಣ್ಯ.

ಗಿರಾಕಿಯೇ ಕೈಯಾರೆ ಆರಿಸಿಕೊಳ್ಳುವ ಅಂಗಡಿಯನ್ನು 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ತೆರೆದನು. ಅಲ್ಲಿಯೂ ಒಳಹೊಕ್ಕವರು ಎಲ್ಲ ಸಾಲುಗಳನ್ನು ಹಾದೇ ಹೊರಬರುವಂತೆ ದಾರಿಯಿತ್ತು. ಈಗಿನ ದೊಡ್ಡ ಅಂಗಡಿಗಳಲ್ಲಿ ಕಣ್ಣಿನ ಮಟ್ಟದ ಹಲಗೆಗೆ ಇರುವ ಬೆಲೆ ಕಾಲಬಳಿಯ ಹಲಗೆಗೆ ಇಲ್ಲ. ಮಾರುವವನು ಮರೆಯಾದನು, ಅವನ ಕೆಲಸವನ್ನು ಕಪಾಟು ವಹಿಸಿಕೊಂಡಿತು.

ನಮ್ಮ ಹಣವೊಂದೇ ಇಲ್ಲಿ ಪಣಕ್ಕಿರುವುದಾದರೆ ಚಿಂತೆಯಿರಲಿಲ್ಲ. ಯಂತ್ರಮಗ್ಗದ ಕೃತಕ ನೂಲಿನ ಸೀರೆಯನ್ನು ಕೈಮಗ್ಗದ ರೇಷ್ಮೆಯ ಪಕ್ಕದಲ್ಲೇ, ಅದೇ ದೀಪದಡಿ ಹರಡಿದಾಗ ಭೇದ ತಿಳಿಯುವುದು ಕಷ್ಟ. ಬೆಳ್ಳಗಿರುವುದೆಲ್ಲ ಹಾಲಲ್ಲ. ನಾವು ಮೋಸಹೋದಾಗ ಮದನಪುರದ ನೇಕಾರನ ದುಡಿಮೆಗೂ ಪೆಟ್ಟು. ನಮ್ಮ ಕರ್ನಾಟಕದ ರೇಷ್ಮೆ ನೂಲೂ ಇಲ್ಲಿನ ಮಗ್ಗಗಳಿಗೆ ಬರುತ್ತದೆಯಾದ್ದರಿಂದ ಅವನ ನಷ್ಟ ನಮಗೆ ಹೊರತಲ್ಲ. ಬನಾರಸಿ ಸೀರೆಗೆ 2009ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಬೆಂಗಳೂರಿನ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ 'ಸಿಲ್ಕ್ ಮಾರ್ಕ್' ಶುದ್ಧ ರೇಷ್ಮೆಯೆಂದಷ್ಟೇ ಹೇಳುತ್ತದೆ. ಕೈಮಗ್ಗದ್ದೆಂದು ಹೇಳುವುದು 2006ರ 'ಹ್ಯಾಂಡ್‌ಲೂಮ್ ಮಾರ್ಕ್'.

ಆದುದರಿಂದ ಹೊರಡುವ ಮೊದಲೇ ಮನೆಯಲ್ಲಿ ಮೂರು ವಿಷಯ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು: ಯಾರಿಗೆ, ಯಾವ ಸಮಾರಂಭಕ್ಕೆ, ಎಷ್ಟು ಹಣಕ್ಕೆ. ಗಾದಿಯ ಮೇಲೆ ಕುಳಿತೊಡನೆ ಆ ಬೆಲೆಯನ್ನು ನಾವೇ ಮೊದಲು ಹೇಳಬೇಕು. ಒಪ್ಪಿಗೆಯಾದ ಎರಡು ಮೂರನ್ನು ಉಳಿಸಿಕೊಂಡು ಬಾಕಿಯವನ್ನು ಮಡಿಸಲು ಹೇಳಿ, ಉಳಿದವನ್ನು ಬಾಗಿಲ ಬೆಳಕಿನಲ್ಲಿ ಹಿಂಬದಿ ತಿರುವಿ ನೋಡಿ, ಗುರುತಿನ ಚೀಟಿಯನ್ನೂ ಪರೀಕ್ಷಿಸಬೇಕು. ಇನ್ನು ಚಹ ಕುಡಿದೆವೆಂಬ ದಾಕ್ಷಿಣ್ಯಕ್ಕೆ ಸೀರೆ ಕೊಳ್ಳಬೇಕಾಗಿಲ್ಲ. ಚಹ ಚೆನ್ನಾಗಿತ್ತೆಂದು ಹೇಳಿ ಎದ್ದುಬಂದರೆ ಬನಾರಸಿನ ವರ್ತಕ ಬೇಸರಪಡುವವನಲ್ಲ.